ಶೆರ್ಲಾಕ್‌ನ ಅಪ್ಪ ಮತ್ತು ನಮ್ಮ ಪಿಜಿಯ ಲ್ಯಾಪ್‌ಟಾಪ್

ಹೋದ ವರ್ಷ ನಾಲ್ಕನೇ ಸೆಮ್‌ನ ಇಂಟರ್ನಲ್ಸ್ ಹತ್ತಿರ ಬಂದಿದ್ದಾಗ ಬಿಟಿಎಂ ಲೇಔಟ್‌ನ ನಮ್ಮ ಪಿಜಿಯಲ್ಲಿ ಒಂದು ಲ್ಯಾಪ್‌ಟಾಪ್ ಕಾಣೆಯಾಯಿತು. ಮೂರನೇ ಮಹಡಿಯ ಎರಡು ರೂಮುಗಳಲ್ಲಿ ನಾವು ಎಂಟು ಜನ ಇದ್ದೆವು. ಬೀಗ ಒಡೆದಿರಲಿಲ್ಲ, ಹೊರಗಿನವರು ಬಂದುಹೋದ ಗುರುತೂ ಇರಲಿಲ್ಲ. ಕದ್ದವನು ನಮ್ಮಲ್ಲೇ ಒಬ್ಬ ಎಂದು ಎಲ್ಲರೂ ತೀರ್ಮಾನಿಸಿಬಿಟ್ಟೆವು. ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು. ಅನುಮಾನದಿಂದ ಅಲ್ಲ, ಪಿಜಿಯಲ್ಲಿ ನನ್ನ ಅಡ್ಡಹೆಸರು ಶೆರ್ಲಾಕ್.

ಪಿಯುಸಿ ಮುಗಿಯುವ ಹೊತ್ತಿಗೆ ಹೋಮ್ಸ್‌ನ 4 ಕಾದಂಬರಿ, 56 ಕಥೆ ಎಲ್ಲವನ್ನೂ ಓದಿ ಮುಗಿಸಿದ್ದೆ. ಊಟಕ್ಕೆ ಬಂದವನ ಶೂ ನೋಡಿ, ಅವನು ಮೆಟ್ರೊದಲ್ಲಿ ಬಂದನೋ ಬಸ್ಸಿನಲ್ಲಿ ಬಂದನೋ ಹೇಳುವುದು ನನ್ನ ಹುಚ್ಚು. ಹತ್ತಕ್ಕೆ ಮೂರು ಸಲ ಸರಿಹೋಗುತ್ತಿತ್ತು. ಎಲ್ಲರೂ ಆ ಮೂರನ್ನಷ್ಟೇ ನೆನಪಿಟ್ಟುಕೊಳ್ಳುತ್ತಿದ್ದರು. ನಾನೂ ಅಷ್ಟೆ.

ನಮ್ಮಲ್ಲಿ ರಾಯಚೂರು ಕಡೆಯ ಒಬ್ಬನಿದ್ದ. ಎರಡು ವಾರದಿಂದ ರಾತ್ರಿ ಹನ್ನೊಂದು ದಾಟಿದ ಮೇಲೆ ಬರುತ್ತಿದ್ದ. ಎಲ್ಲಿಗೆ ಹೋಗಿದ್ದೆ ಎಂದರೆ ಮಾತು ಮರೆಸುತ್ತಿದ್ದ. ಯಾವಾಗಲೂ ಬಾಡಿಗೆ ತಡ ಮಾಡುವವನು ಆ ತಿಂಗಳು ಮೂರನೇ ತಾರೀಕಿಗೇ ಕಟ್ಟಿದ್ದ. ಕಾಲಲ್ಲಿ ಹೊಸ ಶೂ ಬೇರೆ. ಆ ರಾತ್ರಿ ನಾನು ಕುರ್ಚಿ ಎಳೆದುಕೊಂಡು ಕೂತು, ಆರು ಜನರ ಎದುರಿಗೆ, ಅವನೂ ಅಲ್ಲೇ ತನ್ನ ಮಂಚದ ಮೇಲೆ ಕೂತಿರುವಾಗ, ಇದನ್ನೆಲ್ಲ ಒಂದೊಂದಾಗಿ ಜೋಡಿಸಿ ಹೇಳಿದೆ. ಅವನು ಒಂದು ಮಾತೂ ಆಡಲಿಲ್ಲ. ಮೌನವೂ ಒಂದು ಸಾಕ್ಷಿ ಎಂದೆ. ಮೂರು ದಿನದಲ್ಲಿ ಅವನು ಬ್ಯಾಗ್ ಕಟ್ಟಿಕೊಂಡು ಬನಶಂಕರಿ ಕಡೆ ಬೇರೆ ಪಿಜಿಗೆ ಹೋದ.

ಹನ್ನೊಂದು ದಿನಗಳ ನಂತರ ಲ್ಯಾಪ್‌ಟಾಪ್ ಸಿಕ್ಕಿತು. ಅದರ ಒಡೆಯನೇ ಪ್ರಾಜೆಕ್ಟ್ ರಿಪೋರ್ಟ್ ಪ್ರಿಂಟ್ ಹಾಕಿಸಲು ಹೋದಾಗ ಜೆರಾಕ್ಸ್ ಅಂಗಡಿಯಲ್ಲಿ ಮರೆತು ಬಂದಿದ್ದ. ಅಂಗಡಿಯವರು ಜೋಪಾನವಾಗಿ ಎತ್ತಿಟ್ಟಿದ್ದರು. ರಾಯಚೂರಿನ ಗೆಳೆಯ ಬಾಡಿಗೆ ಸ್ಕೂಟರಿನಲ್ಲಿ ಊಟ ಡೆಲಿವರಿ ಮಾಡುತ್ತಿದ್ದನಂತೆ. ನಾವು ಆಡಿಕೊಳ್ಳುತ್ತೇವೆಂದು ಹೇಳಿರಲಿಲ್ಲ. ತಡರಾತ್ರಿ, ಕೈಯಲ್ಲಿ ದುಡ್ಡು, ಹೊಸ ಶೂ ಎಲ್ಲದಕ್ಕೂ ಅದೇ ಕಾರಣ. ನಾನು ಕಂಡ ಗುರುತುಗಳೆಲ್ಲ ನಿಜವಾಗಿದ್ದವು. ಅವುಗಳಿಂದ ನಾನು ತೆಗೆದ ಅರ್ಥ ಮಾತ್ರ ಸುಳ್ಳಾಗಿತ್ತು.

ಅಲ್ಲಿಂದ ಹೋಮ್ಸ್ ಕಥೆ ತೆರೆದರೆ ಓದಲಾಗುತ್ತಿರಲಿಲ್ಲ. ಕಥೆ ಬಿಟ್ಟು ಅದನ್ನು ಬರೆದವನ ಬದುಕನ್ನು ಓದತೊಡಗಿದೆ. ಜಯನಗರದ ಸಾರ್ವಜನಿಕ ಗ್ರಂಥಾಲಯದಲ್ಲಿ ಕೆಲಸದ ಪರೀಕ್ಷೆಗೆ ಓದುವವರ ನಡುವೆ ಕೂತು, ಸಿಲೆಬಸ್ಸಿಗೆ ಸಂಬಂಧವೇ ಇಲ್ಲದ ಆ ಬದುಕನ್ನು ಓದಿ ಮುಗಿಸಿದೆ.

ಆರ್ಥರ್ ಕಾನನ್ ಡಾಯ್ಲ್ ಹುಟ್ಟಿದ್ದು 1859ರ ಮೇ 22ರಂದು, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ. ಅಪ್ಪನಿಗೆ ಸರ್ಕಾರಿ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸ. ಕುಡಿತ ಆ ಕೆಲಸವನ್ನೂ ತಿಂದಿತು, ಅವರನ್ನೂ ತಿಂದಿತು. ಅವರ ಕೊನೆಯ ವರ್ಷಗಳು ಮಾನಸಿಕ ಆಸ್ಪತ್ರೆಗಳಲ್ಲಿ ಕಳೆದವು. ಮನೆ ತೂಗಿಸಿದ್ದು ಅಮ್ಮ. ಕಥೆ ಹೇಳುವುದರಲ್ಲಿ ಆಕೆ ಗಟ್ಟಿಗಿತ್ತಿ. ಬಂಧುಗಳ ಸಹಾಯದಿಂದ ಹುಡುಗ ಬೋರ್ಡಿಂಗ್ ಶಾಲೆಯಲ್ಲಿ ಓದಿದ. ಮನೆಗೆ ಆಸರೆಯಾಗಬಲ್ಲ ಓದು ಬೇಕೆಂದು 1876ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಮೆಡಿಕಲ್ ಸೇರಿದ.

ಅಲ್ಲಿ ಜೋಸೆಫ್ ಬೆಲ್ ಎಂಬ ಸರ್ಜನ್ ಪಾಠ ಮಾಡುತ್ತಿದ್ದರು. ಬಾಗಿಲಲ್ಲಿ ಕಾಣಿಸಿಕೊಂಡ ರೋಗಿ ಬಾಯಿ ತೆರೆಯುವ ಮೊದಲೇ ಅವನ ನಡಿಗೆ, ಅಂಗೈ, ಬಟ್ಟೆ ನೋಡಿ ಯಾವ ಊರು, ಯಾವ ಕಸುಬು ಎಂದು ಹೇಳಿಬಿಡುತ್ತಿದ್ದರು. ಅವರ ಕೈಕೆಳಗೆ ರೋಗಿಗಳ ವಿವರ ಬರೆದುಕೊಳ್ಳುವ ಕೆಲಸ ಡಾಯ್ಲ್‌ಗೆ ಸಿಕ್ಕಿತು. ಹೋಮ್ಸ್‌ನ ಬೇರು ಇರುವುದು ಅಲ್ಲೇ. ಆದರೆ ನಾನು ಮರೆತಿದ್ದ ಒಂದು ಸಂಗತಿ ಇದೆ. ಬೆಲ್ ಊಹಿಸಿದ ಮೇಲೆ ರೋಗಿಯನ್ನೇ ಕೇಳಿ ಖಾತ್ರಿ ಮಾಡಿಕೊಳ್ಳುತ್ತಿದ್ದರು. ನಾನು ಯಾರನ್ನೂ ಕೇಳಿರಲಿಲ್ಲ.

ಓದುವಾಗಲೇ ಖರ್ಚಿಗೆ ದುಡ್ಡು ಬೇಕಿತ್ತು. 1880ರಲ್ಲಿ ಓದಿಗೆ ಬಿಡುವು ಕೊಟ್ಟು ‘ಹೋಪ್’ ಎಂಬ ತಿಮಿಂಗಿಲ ಬೇಟೆಯ ಹಡಗಿನಲ್ಲಿ ವೈದ್ಯನಾಗಿ ಆರ್ಕ್‌ಟಿಕ್‌ಗೆ ಹೋದ. ಮಂಜುಗಡ್ಡೆಯಿಂದ ಜಾರಿ ಹಲವು ಸಲ ನೀರಿಗೆ ಬಿದ್ದ. 1881ರಲ್ಲಿ ಪದವಿ ಸಿಕ್ಕಿದ ಮೇಲೆ ಇನ್ನೊಂದು ಹಡಗಿನಲ್ಲಿ ಪಶ್ಚಿಮ ಆಫ್ರಿಕಾಕ್ಕೆ ಹೋಗಿ ಜ್ವರದಿಂದ ಸಾಯುವಂತಾಗಿ ವಾಪಸ್ ಬಂದ. 1882ರಲ್ಲಿ ಪೋರ್ಟ್ಸ್‌ಮತ್‌ನ ಸೌತ್‌ಸೀಯಲ್ಲಿ ಹತ್ತು ಪೌಂಡ್‌ಗೂ ಕಡಿಮೆ ದುಡ್ಡಿನಲ್ಲಿ ಸ್ವಂತ ಕ್ಲಿನಿಕ್ ತೆರೆದ. ರೋಗಿಗಳು ಕೂರುವ ಮುಂದಿನ ಕೋಣೆಗಷ್ಟೇ ಮೇಜು, ಕುರ್ಚಿ. ಒಳಗೆ ಖಾಲಿ. ಹೊರಗಿನ ಹಿತ್ತಾಳೆ ಬೋರ್ಡನ್ನು ಯಾರೂ ನೋಡದಂತೆ ರಾತ್ರಿ ತಾನೇ ಉಜ್ಜುತ್ತಿದ್ದ. ತೆರಿಗೆ ಕಟ್ಟುವಷ್ಟು ಸಂಪಾದನೆಯೇ ಇಲ್ಲ ಎಂದು ಅರ್ಜಿ ಬರೆದು ಕಳಿಸಿದರೆ, ಇದು ತೃಪ್ತಿಕರವಾಗಿಲ್ಲ ಎಂಬ ಷರಾದೊಂದಿಗೆ ವಾಪಸ್ ಬಂತಂತೆ. ತನ್ನ ಅಭಿಪ್ರಾಯವೂ ಅದೇ ಎಂದು ಕೆಳಗೆ ಬರೆದು ಮತ್ತೆ ಕಳಿಸಿದನಂತೆ. ಆಫರ್ ಲೆಟರ್‌ಗಾಗಿ ಕಾಯುತ್ತಿರುವ ನಮ್ಮ ಸೀನಿಯರ್‌ಗಳಿಗೆ ಈ ಕಥೆ ಹೇಳಿದರೆ ನಗುತ್ತಾರೆ, ಆಮೇಲೆ ಸುಮ್ಮನಾಗುತ್ತಾರೆ.

ರೋಗಿಗಳಿಗಾಗಿ ಕಾಯುವ ಆ ಹೊತ್ತಿನಲ್ಲಿ ಬರೆದ. 1886ರಲ್ಲಿ ಹೋಮ್ಸ್‌ನ ಮೊದಲ ಕಾದಂಬರಿ ‘ಎ ಸ್ಟಡಿ ಇನ್ ಸ್ಕಾರ್ಲೆಟ್’ ಮುಗಿಯಿತು. ಪ್ರಕಾಶಕರು ಒಬ್ಬೊಬ್ಬರಾಗಿ ಹಿಂತಿರುಗಿಸಿದರು. ಕೊನೆಗೆ ಒಬ್ಬರು ಎಲ್ಲ ಹಕ್ಕುಗಳನ್ನೂ ಸೇರಿಸಿ 25 ಪೌಂಡ್‌ಗೆ ಕೊಂಡರು, ಅದೂ ಒಂದು ವರ್ಷ ಕಾಯಬೇಕೆಂಬ ಷರತ್ತಿನ ಮೇಲೆ. ಜಗತ್ತಿನ ಅತಿ ಪ್ರಸಿದ್ಧ ಪತ್ತೇದಾರ 1887ರ ಕ್ರಿಸ್‌ಮಸ್ ವಿಶೇಷಾಂಕವೊಂದರಲ್ಲಿ ಹುಟ್ಟಿದ್ದು ಹೀಗೆ.

1891ರಲ್ಲಿ ವಿಯೆನ್ನಾಕ್ಕೆ ಹೋಗಿ ಕಣ್ಣಿನ ಚಿಕಿತ್ಸೆ ಕಲಿತು ಲಂಡನ್ನಿನಲ್ಲಿ ಕೋಣೆ ಹಿಡಿದರು. ಅಲ್ಲಿಗೂ ರೋಗಿಗಳು ಬರಲಿಲ್ಲ. ಆದರೆ ಅದೇ ವರ್ಷ ‘ಸ್ಟ್ರಾಂಡ್’ ಮಾಸಿಕದಲ್ಲಿ ಹೋಮ್ಸ್‌ನ ಸಣ್ಣಕಥೆಗಳು ಶುರುವಾದವು. ಓದುಗರು ಮುಗಿಬಿದ್ದರು. ಡಾಯ್ಲ್ ವೈದ್ಯ ವೃತ್ತಿ ಬಿಟ್ಟರು.

ಎರಡೇ ವರ್ಷದಲ್ಲಿ ಅವರಿಗೆ ಹೋಮ್ಸ್ ಸಾಕಾಗಿಹೋದ. ತಾನು ಬರೆಯಬೇಕಾದದ್ದು ಐತಿಹಾಸಿಕ ಕಾದಂಬರಿ, ಈ ಪತ್ತೇದಾರ ತನ್ನ ಸಮಯವನ್ನೆಲ್ಲ ನುಂಗುತ್ತಿದ್ದಾನೆ ಎಂಬುದು ಅವರ ಕೊರಗು. 1893ರ ಡಿಸೆಂಬರ್ ಸಂಚಿಕೆಯಲ್ಲಿ ಸ್ವಿಟ್ಜರ್ಲೆಂಡಿನ ರೈಖೆನ್‌ಬಾಖ್ ಜಲಪಾತಕ್ಕೆ ಅವನನ್ನು ಬೀಳಿಸಿ ಕೈ ತೊಳೆದುಕೊಂಡರು. ಅದೇ ವರ್ಷ ಅವರ ಅಪ್ಪ ತೀರಿಕೊಂಡಿದ್ದರು, ಹೆಂಡತಿ ಲೂಯಿಸಾಗೆ ಕ್ಷಯ ಎಂದು ಗೊತ್ತಾಗಿತ್ತು. ಊರೆಲ್ಲ ಅತ್ತಿದ್ದು ಮಾತ್ರ ಹೋಮ್ಸ್‌ಗೆ. ಇಪ್ಪತ್ತು ಸಾವಿರ ಜನ ಮಾಸಿಕದ ಚಂದಾ ನಿಲ್ಲಿಸಿದರು ಎಂಬ ಮಾತಿದೆ. ಬೈಗುಳದ ಪತ್ರಗಳು ಬಂದವು. ಹತ್ತು ವರ್ಷದ ಹಟದ ಮೇಲೆ, 1903ರಲ್ಲಿ ಡಾಯ್ಲ್ ಸೋತರು. ಹೋಮ್ಸ್ ಎದ್ದು ಬಂದ. 1927ರವರೆಗೂ ಬರುತ್ತಲೇ ಇದ್ದ.

ಈ ಅಭಿಮಾನ ನಮಗೆ ಹೊಸದೇನಲ್ಲ. ಜಯನಗರದಲ್ಲಿ ನನ್ನ ಚಿಕ್ಕಜ್ಜಿ ಇದ್ದಾರೆ, ಭಾನುವಾರದ ಊಟಕ್ಕೆ ಅಲ್ಲಿಗೆ ಹೋಗುತ್ತೇನೆ. ಅವರ ಕಾಲದಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನಿಗಾಗಿ ಬಾಡಿಗೆ ಪುಸ್ತಕದ ಅಂಗಡಿಯಲ್ಲಿ ಸರದಿ ಕಾಯುತ್ತಿದ್ದರಂತೆ. ಒಂದು ದಿನದ ಬಾಡಿಗೆ ಉಳಿಸಲು ಅಕ್ಕತಂಗಿಯರು ರಾತ್ರಿಯಿಡೀ ಪಾಳಿ ಹಾಕಿ ಓದುತ್ತಿದ್ದರಂತೆ. ಐನೂರಕ್ಕೂ ಹೆಚ್ಚು ಕಾದಂಬರಿ ಬರೆದ ನರಸಿಂಹಯ್ಯನವರು ಶಾಲೆಯಲ್ಲಿ ಓದಿದ್ದು ಪ್ರಾಥಮಿಕ ತರಗತಿಗಳಷ್ಟೇ ಎಂದು ಚಿಕ್ಕಜ್ಜಿ ಹೇಳಿದಾಗ ಎಂಜಿನಿಯರಿಂಗ್ ಓದುತ್ತಿರುವ ನನಗೆ ನಾಚಿಕೆಯಾಯಿತು. ಪುರುಷೋತ್ತಮ ಯಾಕೆ ಅಷ್ಟು ಇಷ್ಟ ಎಂದು ಕೇಳಿದೆ. ಮನೆಯಲ್ಲಿ ಚಮಚ ಕಳೆದರೂ ಕೆಲಸದವಳನ್ನು ಅನುಮಾನಿಸುತ್ತಿದ್ದ ಕಾಲ, ಅವನು ಮಾತ್ರ ಕೊನೇ ಪುಟದವರೆಗೂ ಯಾರನ್ನೂ ಕಳ್ಳ ಅನ್ನುತ್ತಿರಲಿಲ್ಲ ಎಂದರು. ಪಿಜಿಯ ಕಥೆಯನ್ನು ನಾನು ಅವರಿಗೆ ಹೇಳಿರಲಿಲ್ಲ.

ಡಾಯ್ಲ್ ಬದುಕಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಅಧ್ಯಾಯ ಇನ್ನು ಮುಂದಿನದು. ಇಂಗ್ಲೆಂಡಿನ ಗ್ರೇಟ್ ವೈರ್ಲಿ ಎಂಬ ಹಳ್ಳಿಯ ಪಾದ್ರಿ ಶಾಪುರ್‌ಜಿ ಎದಲ್‌ಜಿ, ಮುಂಬೈ ಮೂಲದ ಪಾರ್ಸಿ ಕುಟುಂಬದಿಂದ ಬಂದು ಕ್ರೈಸ್ತರಾದವರು. ಅವರ ಮಗ ಜಾರ್ಜ್ ವಕೀಲ. 1903ರಲ್ಲಿ ಆ ಸುತ್ತಿನಲ್ಲಿ ರಾತ್ರಿ ಹೊತ್ತು ಯಾರೋ ಕುದುರೆ, ದನಗಳ ಹೊಟ್ಟೆ ಸೀಳತೊಡಗಿದರು. ಊರಿಗೆಲ್ಲ ಅನಾಮಧೇಯ ಪತ್ರಗಳು ಬರುತ್ತಿದ್ದವು. ಬೇರೆ ಬಣ್ಣದ, ಯಾರೊಂದಿಗೂ ಹೆಚ್ಚು ಬೆರೆಯದ ಹುಡುಗನ ಮೇಲೆ ಪೊಲೀಸರ ಕಣ್ಣು ಬಿತ್ತು. ಕೋಟಿನ ಮೇಲಿನ ಕಲೆ, ಬೂಟಿನ ಕೆಸರು ಎಲ್ಲವೂ ಸಾಕ್ಷಿಯಾದವು. ಏಳು ವರ್ಷ ಶಿಕ್ಷೆಯಾಯಿತು. ಮೂರು ವರ್ಷದ ನಂತರ ಕಾರಣವನ್ನೂ ಹೇಳದೆ ಬಿಟ್ಟರು. ಕಳಂಕ ಹಾಗೇ ಉಳಿಯಿತು, ವಕೀಲಿಯೂ ಹೋಯಿತು. ಅವನು ಡಾಯ್ಲ್‌ಗೆ ಬರೆದ.

1906ರಲ್ಲಿ ಲೂಯಿಸಾ ತೀರಿಕೊಂಡಿದ್ದರು. ಮಂಕು ಬಡಿದಂತಿದ್ದ ಡಾಯ್ಲ್ 1907ರ ಜನವರಿಯಲ್ಲಿ ಲಂಡನ್ನಿನ ಹೋಟೆಲೊಂದರಲ್ಲಿ ಜಾರ್ಜ್‌ನನ್ನು ಭೇಟಿಯಾಗಲು ಹೋದರು. ಅವನು ಪತ್ರಿಕೆಯನ್ನು ಮುಖಕ್ಕೆ ತಾಗುವಷ್ಟು ಹತ್ತಿರ, ಓರೆಯಾಗಿ ಹಿಡಿದು ಓದುತ್ತಿದ್ದ. ಕಣ್ಣಿನ ವೈದ್ಯರಿಗೆ ಅಷ್ಟು ಸಾಕಾಯಿತು. ಇಷ್ಟು ದೃಷ್ಟಿದೋಷ ಇರುವವನು ಕಗ್ಗತ್ತಲಲ್ಲಿ ಹೊಲ ಹಾಯ್ದು, ರೈಲು ಹಳಿ ದಾಟಿ, ಕುದುರೆ ಹುಡುಕಿ ಸೀಳಿ ಬರುವುದು ಸಾಧ್ಯವೇ? ಆದರೂ ಅವರು ಅಲ್ಲಿಗೇ ನಿಲ್ಲಲಿಲ್ಲ. ಕಣ್ಣಿನ ತಜ್ಞರ ಪರೀಕ್ಷೆಯ ಫಲಿತಾಂಶ ನೋಡಿದರು, ಹಳ್ಳಿಗೆ ಹೋದರು, ದಾಖಲೆಗಳನ್ನೆಲ್ಲ ಓದಿದರು, ಆಮೇಲೆ ‘ಡೈಲಿ ಟೆಲಿಗ್ರಾಫ್’ ಪತ್ರಿಕೆಯಲ್ಲಿ ಬರೆದರು. ದೇಶವೇ ಎದ್ದು ಕೂತಿತು. ಯಾವ ವಿದ್ಯೆಗಾಗಿ ಒಬ್ಬ ರೋಗಿಯೂ ಅವರ ಬಾಗಿಲಿಗೆ ಬಂದಿರಲಿಲ್ಲವೋ ಅದು ಹದಿನಾರು ವರ್ಷದ ಮೇಲೆ ಒಬ್ಬನ ಮಾನ ಉಳಿಸಲು ನಿಂತಿತು.

ಸರ್ಕಾರ ಕೊಟ್ಟಿದ್ದು ಮಾತ್ರ ಅರ್ಧ ನ್ಯಾಯ. ಪ್ರಾಣಿಗಳನ್ನು ಸೀಳಿದವನು ಇವನಲ್ಲ, ಆದರೆ ಆ ಪತ್ರಗಳನ್ನು ಬರೆದವನು ಇವನೇ ಎಂದು ಹೇಳಿ ಪರಿಹಾರ ನಿರಾಕರಿಸಿತು. ವಕೀಲಿ ವೃತ್ತಿ ಮರಳಿ ಸಿಕ್ಕಿತು. ಅದೇ ವರ್ಷ ಇಂಗ್ಲೆಂಡಿನಲ್ಲಿ ಕ್ರಿಮಿನಲ್ ಮೇಲ್ಮನವಿ ನ್ಯಾಯಾಲಯ ಸ್ಥಾಪನೆಯಾಗಲು ಈ ಪ್ರಕರಣವೂ ಒಂದು ಕಾರಣ. ಆ ಸೆಪ್ಟೆಂಬರ್‌ನಲ್ಲಿ ಡಾಯ್ಲ್ ಮರುಮದುವೆಯಾದಾಗ ಅತಿಥಿಗಳ ನಡುವೆ ಜಾರ್ಜ್ ಕೂಡ ಇದ್ದ. ಮುಂದೆ ಆಸ್ಕರ್ ಸ್ಲೇಟರ್ ಎಂಬ ಇನ್ನೊಬ್ಬನಿಗಾಗಿಯೂ ಅವರು ಹೋರಾಡಿದರು. ಕೊಲೆ ಮಾಡದೆಯೇ ಹದಿನೆಂಟು ವರ್ಷ ಜೈಲಿನಲ್ಲಿದ್ದ ಅವನ ಶಿಕ್ಷೆ 1928ರಲ್ಲಿ ರದ್ದಾಯಿತು.

ಹಾಗಂತ ಡಾಯ್ಲ್ ತಪ್ಪೇ ಮಾಡದವರಲ್ಲ. ಎದಲ್‌ಜಿ ಪ್ರಕರಣದಲ್ಲಿ ನಿಜವಾದ ಅಪರಾಧಿ ಇವನೇ ಎಂದು ಊರಿನ ಇನ್ನೊಬ್ಬನನ್ನು ಸರ್ಕಾರಕ್ಕೆ ತೋರಿಸಿದರು. ಅದಕ್ಕೆ ಗಟ್ಟಿ ಸಾಕ್ಷಿ ಇರಲಿಲ್ಲ. ನಿರಪರಾಧಿಯನ್ನು ಬಿಡಿಸಿದ ಕೈಯೇ ಮತ್ತೊಬ್ಬನತ್ತ ಬೆರಳು ಮಾಡಿತ್ತು. 1918ರಲ್ಲಿ ಮಗ ಕಿಂಗ್ಸ್‌ಲಿ, ಮರುವರ್ಷ ತಮ್ಮ ತೀರಿಕೊಂಡರು. ಅದಕ್ಕೂ ಮೊದಲೇ ಹತ್ತಿದ್ದ ಪ್ರೇತಾತ್ಮಗಳ ನಂಬಿಕೆ ಇನ್ನೂ ಗಾಢವಾಯಿತು. ಇಬ್ಬರು ಹುಡುಗಿಯರು ಕಾಗದದ ಬೊಂಬೆ ಕತ್ತರಿಸಿ ತೆಗೆದ ಯಕ್ಷಿಣಿಯರ ಫೋಟೊಗಳನ್ನು 1920ರಲ್ಲಿ ನಿಜವೆಂದು ನಂಬಿ ಬರೆದರು. ನೋಡಬೇಕೆಂದು ಹಂಬಲಿಸುವವನಿಗೆ ಎಲ್ಲೆಲ್ಲೂ ಅದೇ ಕಾಣುತ್ತದೆ. 1930ರ ಜುಲೈ 7ರಂದು, 71ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಹೋಮ್ಸ್‌ಗೆ ಮಾತ್ರ ಸಾವಿಲ್ಲ. ಅವನ ಬೇಕರ್ ಸ್ಟ್ರೀಟ್ ವಿಳಾಸಕ್ಕೆ ಪತ್ರಗಳು ಎಷ್ಟು ಬರುತ್ತಿದ್ದವೆಂದರೆ, ಅಲ್ಲಿದ್ದ ಹಣಕಾಸು ಸಂಸ್ಥೆಯೊಂದು ಉತ್ತರ ಬರೆಯಲೆಂದೇ ಕಾರ್ಯದರ್ಶಿಯೊಬ್ಬರನ್ನು ಇಟ್ಟಿತ್ತು.

ನಾವು ಹೋಮ್ಸ್‌ನನ್ನು ಯಾಕೆ ಬಿಡಲಾರೆವು ಎಂದು ಈಗ ಅರ್ಥವಾಗಿದೆ ಅನ್ನಿಸುತ್ತದೆ. ಅವನ ಲೋಕದಲ್ಲಿ ಪ್ರತಿ ಗುರುತಿಗೂ ಒಂದೇ ಅರ್ಥ. ಶೂವಿಗೆ ಕೆಸರು ಮೆತ್ತಿದವರೇ ಲೇಖಕರು, ಉತ್ತರ ಅವರಿಗೆ ಮೊದಲೇ ಗೊತ್ತು. ಲ್ಯಾಬ್‌ನಲ್ಲಿ ಸೀನಿಯರ್ ರೆಕಾರ್ಡ್ ನೋಡಿ ಉತ್ತರ ಬರೆದುಕೊಂಡು, ಆಮೇಲೆ ರೀಡಿಂಗ್ ಹೊಂದಿಸುತ್ತೇವಲ್ಲ, ಹಾಗೆ. ಅಂದು ರಾತ್ರಿ ನಾನು ಮಾಡಿದ್ದೂ ಅದನ್ನೇ. ಅವನ ಕನ್ನಡವನ್ನು ಅಣಕಿಸಿ ನಗುತ್ತಿದ್ದೆವು. ಅವನು ನಮ್ಮವನಲ್ಲ ಎಂಬ ಉತ್ತರ ಮೊದಲೇ ಬರೆದಾಗಿತ್ತು. ಶೂ, ಬಾಡಿಗೆ, ತಡರಾತ್ರಿ ಎಲ್ಲ ಆಮೇಲೆ ಹೊಂದಿಸಿದ ರೀಡಿಂಗ್‌ಗಳು.

ಕಳೆದ ತಿಂಗಳು ಧೈರ್ಯ ಮಾಡಿ ಅವನಿಗೆ ಫೋನ್ ಮಾಡಿದೆ. ಬನಶಂಕರಿ ಬಸ್ ನಿಲ್ದಾಣದ ಹತ್ತಿರದ ದರ್ಶಿನಿಯಲ್ಲಿ ಸಿಕ್ಕಿದ. ಬೈ ಟು ಕಾಫಿ ತಗೊಂಡೆವು. ಕ್ಷಮೆ ಕೇಳಿದೆ. ಅವನು ಲೋಟ ಕೆಳಗಿಟ್ಟು, ಕಳ್ಳ ಅಂದಿದ್ದು ಆರು ಜನರ ಮುಂದೆ, ಕ್ಷಮೆ ಕೇಳುವುದು ಮಾತ್ರ ಒಬ್ಬನ ಮುಂದೆಯೇ ಎಂದು ಕೇಳಿದ. ಸಿಟ್ಟಿನಿಂದ ಕೇಳಿದ್ದಲ್ಲ. ನನಗೆ ಎದಲ್‌ಜಿಯ ಅರ್ಧ ನ್ಯಾಯ ನೆನಪಾಯಿತು.

ಮುಂದಿನ ಭಾನುವಾರ ರಾತ್ರಿ ಎಲ್ಲರೂ ಇದ್ದಾಗ ಅದೇ ಕುರ್ಚಿ ಎಳೆದುಕೊಂಡು ಕೂತೆ. ಅವನಿಗೆ ವಿಡಿಯೊ ಕಾಲ್ ಮಾಡಿ ಫೋನನ್ನು ಎಲ್ಲರಿಗೂ ಕಾಣುವಂತೆ ಮೇಜಿನ ಮೇಲೆ ನಿಲ್ಲಿಸಿ, ನಾನು ಹೇಳಿದ್ದು ಎಲ್ಲೆಲ್ಲಿ ತಪ್ಪು ಎಂದು ಒಂದೊಂದಾಗಿ ಹೇಳಿದೆ. ಲ್ಯಾಪ್‌ಟಾಪಿನ ಒಡೆಯ ತಾನೂ ಕ್ಷಮೆ ಕೇಳಿದ. ಅವನು ಸರಿ ಬಿಡ್ರಪ್ಪ ಎಂದು, ಡೆಲಿವರಿಗೆ ಹೊತ್ತಾಯಿತೆಂದು ಫೋನ್ ಇಟ್ಟ. ಪಿಜಿಯಲ್ಲಿ ಈಗ ನನ್ನನ್ನು ಯಾರೂ ಶೆರ್ಲಾಕ್ ಎಂದು ಕರೆಯುವುದಿಲ್ಲ.