ಸಭೆಗೆ ನಿಯಮ ಬರೆದು ಕಡಲಿಗೆ ಗೋಡೆ ಕಟ್ಟಿಸಿದ ಹೆನ್ರಿ ರಾಬರ್ಟ್

ಈ ಸಲದ ಗೋಡೆ ಪತ್ರಿಕೆಗೆ ಮಹಾಪುರುಷರ ಜೀವನ ಬರೆಯಬೇಕು ಅಂತ ಕನ್ನಡ ಟೀಚರ್ ಹೇಳಿದಾಗ ನಮ್ಮ ಕ್ಲಾಸಿನಲ್ಲಿ ಆರು ಜನ ಸರ್ ಎಂ. ವಿಶ್ವೇಶ್ವರಯ್ಯನವರನ್ನೇ ಆರಿಸಿಕೊಂಡರು. ಅದಕ್ಕೇ ನಾನು ಬೇರೆ ಒಬ್ಬ ಇಂಜಿನಿಯರ್ ಬಗ್ಗೆ ಬರೆಯುತ್ತೇನೆ. ಇವರ ಹೆಸರು ಹೆನ್ರಿ ಮಾರ್ಟಿನ್ ರಾಬರ್ಟ್. ಅಮೆರಿಕದಲ್ಲಿ ಇವರು ಪ್ರಸಿದ್ಧರು. ಆದರೆ ಗೋಡೆಯಿಂದ ಅಲ್ಲ, ಒಂದು ಪುಸ್ತಕದಿಂದ. ನನಗೆ ಮಾತ್ರ ಗೋಡೆಯೇ ಮುಖ್ಯ. ಯಾಕೆಂದರೆ ನಮ್ಮ ಮನೆಗೂ ಕಡಲಿಗೂ ನಡುವೆ ಈಗ ಎಂಟು ತೆಂಗಿನ ಮರ ಉಂಟು. ನಾನು ಒಂದನೇ ಕ್ಲಾಸಿನಲ್ಲಿದ್ದಾಗ ಹತ್ತೊಂಬತ್ತು ಇತ್ತು.

ರಾಬರ್ಟ್ ಅವರು 1837ನೇ ಇಸವಿ ಮೇ 2ರಂದು ಅಮೆರಿಕದ ದಕ್ಷಿಣ ಕೆರೊಲಿನಾ ರಾಜ್ಯದ ರಾಬರ್ಟ್‌ವಿಲ್ ಎಂಬಲ್ಲಿ ಜನಿಸಿದರು. ಊರಿಗೆ ಆ ಹೆಸರು ಬಂದದ್ದು ಇವರ ಹಿರಿಯರಿಂದಲೇ. ತಂದೆ ಜೋಸೆಫ್ ರಾಬರ್ಟ್ ಪಾದ್ರಿಗಳು. ಅವರಿಗೆ ಜನರನ್ನು ಗುಲಾಮರಾಗಿ ಇಟ್ಟುಕೊಳ್ಳುವುದು ಸರಿ ಕಾಣಲಿಲ್ಲ. ಆದ್ದರಿಂದ ಮನೆಮಂದಿಯನ್ನು ಕರೆದುಕೊಂಡು ಗುಲಾಮಗಿರಿ ಇಲ್ಲದ ಒಹಾಯೊ ರಾಜ್ಯಕ್ಕೆ ಹೋದರು. ಮಗ ಹೆನ್ರಿ ವೆಸ್ಟ್ ಪಾಯಿಂಟ್ ಎಂಬ ಸೈನಿಕ ಶಾಲೆಗೆ ಸೇರಿ 1857ರಲ್ಲಿ ನಾಲ್ಕನೆಯವರಾಗಿ ತೇರ್ಗಡೆಯಾದರು. ಆಮೇಲೆ ಸೈನ್ಯದ ಇಂಜಿನಿಯರ್ ಆಗಿ ಕೋಟೆ, ಬಂದರು, ನದಿ ಇವುಗಳ ಕೆಲಸ ಮಾಡುತ್ತ ಊರಿಂದ ಊರಿಗೆ ವರ್ಗವಾಗುತ್ತ ಇದ್ದರು.

1863ರಲ್ಲಿ ನ್ಯೂ ಬೆಡ್‌ಫರ್ಡ್ ಎಂಬ ಊರಿನಲ್ಲಿ ಒಂದು ಸಭೆಗೆ ಇವರನ್ನು ಅಧ್ಯಕ್ಷರಾಗಿ ಕೂರಿಸಿದರು. ಸಭೆ ನಡೆಸುವುದು ಹೇಗೆ ಅಂತ ಇವರಿಗೆ ಗೊತ್ತಿರಲಿಲ್ಲ. ಗಲಾಟೆಯೋ ಗಲಾಟೆ! (ನಮ್ಮ ಶಾಲಾ ಮಂತ್ರಿಮಂಡಲದ ಸಭೆ ನೋಡಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.) ಅವರಿಗೆ ತುಂಬಾ ನಾಚಿಕೆಯಾಯಿತು. ಬೇರೆಯವರಾದರೆ ಇನ್ನು ಸಭೆಗೇ ಹೋಗುತ್ತಿರಲಿಲ್ಲ. ಇವರು ಮಾತ್ರ ಓದಲಿಕ್ಕೆ ಶುರು ಮಾಡಿದರು. ಒಬ್ಬರು ಮಾತಾಡುವಾಗ ಇನ್ನೊಬ್ಬರು ಏನು ಮಾಡಬೇಕು, ಮತಕ್ಕೆ ಯಾವಾಗ ಹಾಕಬೇಕು, ಕಡಿಮೆ ಜನ ಇರುವ ಕಡೆಯವರ ಮಾತನ್ನೂ ಹೇಗೆ ಕೇಳಬೇಕು ಎಂದೆಲ್ಲ ನಿಯಮ ಬರೆದು 1876ರಲ್ಲಿ ಪುಸ್ತಕ ಮಾಡಿದರು. 4000 ಪ್ರತಿಯನ್ನು ತಮ್ಮ ಸ್ವಂತ ಹಣದಿಂದ ಅಚ್ಚು ಹಾಕಿಸಿದರು. ಅಮೆರಿಕದ ಸಂಘ ಸಂಸ್ಥೆಗಳಲ್ಲಿ ಈಗಲೂ ರಾಬರ್ಟ್ ನಿಯಮ ಅಂತ ಅದನ್ನೇ ಹಿಡಿದುಕೊಂಡು ಸಭೆ ನಡೆಸುತ್ತಾರೆ.

ಇನ್ನು ಗೋಡೆಯ ಕಥೆ. ಟೆಕ್ಸಸ್ ರಾಜ್ಯದಲ್ಲಿ ಗಾಲ್ವೆಸ್ಟನ್ ಎಂಬ ಪಟ್ಟಣ ಉಂಟು. ಅದು ಮರಳಿನ ಉದ್ದ ದ್ವೀಪ. ಒಂದು ಕಡೆ ದೊಡ್ಡ ಕಡಲು, ಇನ್ನೊಂದು ಕಡೆ ಕೊಲ್ಲಿ. ಆಗ ಅಲ್ಲಿ ಅತಿ ಎತ್ತರದ ಜಾಗವೇ ಕಡಲಿನಿಂದ 9 ಅಡಿಗಿಂತ ಕಡಿಮೆ ಇತ್ತು. ಗೋಡೆ ಕಟ್ಟೋಣ ಅಂತ ಕೆಲವರು ಮೊದಲೇ ಹೇಳಿದ್ದರು. ಆದರೆ ಹವಾಮಾನ ಕಚೇರಿಯ ಐಸಾಕ್ ಕ್ಲೈನ್ ಎಂಬವರು 1891ರಲ್ಲಿ ಪತ್ರಿಕೆಯಲ್ಲಿ ಬರೆದು, ಆ ಊರಿಗೆ ತೂಫಾನಿನ ದೊಡ್ಡ ಭಯ ಇಲ್ಲ ಎಂದುಬಿಟ್ಟರು. ಗೋಡೆ ಕಟ್ಟಲಿಲ್ಲ. 1900ನೇ ಇಸವಿ ಸೆಪ್ಟೆಂಬರ್ 8ರಂದು ಚಂಡಮಾರುತ ಬಂತು. ನೀರು 15 ಅಡಿಗೂ ಮೇಲೆ ಏರಿತು. ಕಡಲ ಬದಿಯ ಮನೆಗಳು ಮುರಿದು, ಅವುಗಳ ಮರದ ತುಂಡುಗಳನ್ನು ತೆರೆಗಳು ಎತ್ತಿ ಹಿಂದಿನ ಮನೆಗಳಿಗೆ ಹೊಡೆದವು. ಹೀಗೆ ಒಂದು ಮನೆಯೇ ಇನ್ನೊಂದು ಮನೆಯನ್ನು ಕೆಡವುತ್ತ ಹೋಯಿತು. 3600ಕ್ಕೂ ಹೆಚ್ಚು ಮನೆ ಹೋದವು. ಸತ್ತವರು 6000ಕ್ಕಿಂತ ಕಡಿಮೆಯಿಲ್ಲ, 8000 ಎಂದೂ ಹೇಳುತ್ತಾರೆ. ಕ್ಲೈನ್ ಅವರ ಹೆಂಡತಿಯೂ ಸತ್ತರು. ಒಂದು ಅನಾಥಾಲಯದ ಸಿಸ್ಟರ್‌ಗಳು ಬಟ್ಟೆ ಒಣಗಿಸುವ ಹಗ್ಗದಿಂದ ಮಕ್ಕಳನ್ನು ತಮ್ಮ ಸೊಂಟಕ್ಕೆ ಕಟ್ಟಿಕೊಂಡಿದ್ದರು. 10 ಸಿಸ್ಟರ್‌ಗಳೂ 90 ಮಕ್ಕಳೂ ತೀರಿಹೋದರು. ಮೂವರು ಹುಡುಗರು ಮರ ಹಿಡಿದುಕೊಂಡು ಬದುಕಿದರು. ಇದನ್ನು ಬರೆಯುವಾಗ ನನಗೆ ಮುಂದೆ ಬರೆಯಲಿಕ್ಕೆ ಆಗದೆ ಸ್ವಲ್ಪ ಹೊತ್ತು ಹೊರಗೆ ಹೋಗಿ ಬಂದೆ.

ಉಳಿದವರು ಊರು ಬಿಡಲು ಒಪ್ಪಲಿಲ್ಲ. 1901ರಲ್ಲಿ ಮೂವರು ಇಂಜಿನಿಯರುಗಳನ್ನು ಕರೆಸಿದರು. ಅದೇ ವರ್ಷ ಮೇ 2ರಂದು, ತಮ್ಮ 64ನೇ ಹುಟ್ಟುಹಬ್ಬದ ದಿನ, ಬ್ರಿಗೇಡಿಯರ್ ಜನರಲ್ ಆಗಿ ನಿವೃತ್ತರಾಗಿದ್ದ ರಾಬರ್ಟ್ ಒಬ್ಬರು. ಆಲ್ಫ್ರೆಡ್ ನೋಬಲ್ ಮತ್ತು ಎಚ್. ಸಿ. ರಿಪ್ಲಿ ಉಳಿದಿಬ್ಬರು. ಇವರು ಸೇರಿ 1902ರ ಜನವರಿಯಲ್ಲಿ ವರದಿ ಕೊಟ್ಟರು. ಅದರಲ್ಲಿ ಬರೀ ಗೋಡೆ ಕಟ್ಟಿ ಅಂತ ಇರಲಿಲ್ಲ. ಗೋಡೆಯ ಜೊತೆ ಊರನ್ನೇ ಮೇಲಕ್ಕೆ ಎತ್ತಬೇಕು ಅಂತ ಇತ್ತು! ಯಾಕೆಂದರೆ ಹಿಂದೆ ಮಣ್ಣಿನ ಆಸರೆ ಇಲ್ಲದಿದ್ದರೆ ಗೋಡೆ ತೆರೆಯ ಏಟು ತಡೆಯುವುದಿಲ್ಲ. ಗೋಡೆ ಹಾರಿ ಬಂದ ನೀರು ಒಳಗೇ ನಿಲ್ಲುತ್ತದೆ. ಗೋಡೆಯ ಹತ್ತಿರ ನೆಲ ಎತ್ತರ ಇದ್ದು ಕೊಲ್ಲಿಯ ಕಡೆಗೆ ಇಳಿಜಾರು ಇದ್ದರೆ ನೀರು ತಾನಾಗಿ ಹರಿದುಹೋಗುತ್ತದೆ.

ಖರ್ಚಿಗೆ ಅಲ್ಲಿಯ ಜನ ಮತ ಹಾಕಿ 15 ಲಕ್ಷ ಡಾಲರ್ ಸಾಲ ಎತ್ತಲು ಒಪ್ಪಿದರು. 1902ರ ಅಕ್ಟೋಬರ್‌ನಲ್ಲಿ ಶುರುವಾದ ಗೋಡೆ 1904ರ ಜುಲೈಯಲ್ಲಿ ಮುಗಿಯಿತು. ಉದ್ದ ಮೂರು ಮೈಲಿಗಿಂತ ಸ್ವಲ್ಪ ಹೆಚ್ಚು. ಎತ್ತರ 17 ಅಡಿ. ಅಡಿಯಲ್ಲಿ 16 ಅಡಿ ದಪ್ಪ, ತುದಿಯಲ್ಲಿ 5 ಅಡಿ. ಎಲ್ಲ ಕಾಂಕ್ರೀಟು. ಕೆಳಗೆ ಉದ್ದುದ್ದ ಮರದ ಕಂಬಗಳನ್ನು ನೆಲಕ್ಕೆ ಬಡಿದು ಅದರ ಮೇಲೆ ಕೂರಿಸಿದ್ದು. ಕಡಲ ಕಡೆಯ ಮುಖ ನೇರ ಇಲ್ಲ, ಒಳಕ್ಕೆ ಬಾಗಿದೆ. ತೆರೆ ಬಂದು ಹೊಡೆದರೆ ಅದು ಮೇಲಕ್ಕೆ ತಿರುಗಿ ವಾಪಸು ಕಡಲಿಗೇ ಬೀಳುತ್ತದೆ. ಬುಡದಲ್ಲಿ ಮರಳು ಕೊರೆದು ಹೋಗದ ಹಾಗೆ ದೊಡ್ಡ ಗ್ರಾನೈಟ್ ಕಲ್ಲುಗಳನ್ನು ಹಾಸಿದರು. ನಮ್ಮಲ್ಲಿ ಹಾಕಿದ್ದು ಬರೀ ಕಲ್ಲಿನ ರಾಶಿ. ಪ್ರತಿ ಆಟಿಯಲ್ಲಿ ಸ್ವಲ್ಪ ಸ್ವಲ್ಪ ಕೆಳಗೆ ಇಳಿಯುತ್ತದೆ, ಅಡಿಯ ಮರಳು ಜಾರಿದ ಹಾಗೆ.

ಊರು ಎತ್ತಿದ್ದು ಇನ್ನೂ ಆಶ್ಚರ್ಯ. ಇದು 1903ರಿಂದ 1911ರ ತನಕ ನಡೆಯಿತು. ಮನೆಗಳ ಅಡಿಗೆ ತಿರುಪಿನ ಜಾಕಿ ಇಟ್ಟು ಎಲ್ಲವನ್ನೂ ಒಟ್ಟಿಗೆ ಸ್ವಲ್ಪ ಸ್ವಲ್ಪ ತಿರುಗಿಸುವುದು. ಒಂದು ಕಡೆ ಮುಂದೆ ಹೋದರೆ ಗೋಡೆ ಬಿರುಕು ಬಿಡುತ್ತದೆ. ಮನೆ ಎತ್ತರವಾದ ಮೇಲೆ ಹಡಗಿನಿಂದ ನೀರು ಮರಳು ಬೆರೆಸಿ ಪೈಪಿನಲ್ಲಿ ಬಿಡುವುದು. ನೀರು ಬಸಿದು ಮರಳು ಉಳಿಯುತ್ತದೆ. ಹೀಗೆ 2000ಕ್ಕೂ ಹೆಚ್ಚು ಕಟ್ಟಡ ಎತ್ತಿದರು. ಗಾರೆ ಕೆಲಸದ ನನ್ನ ಅಪ್ಪನಿಗೆ ಇದನ್ನು ಹೇಳಿದಾಗ, ಮರದ ಮನೆಯಾದರೆ ಆಗಬಹುದು, ಕಲ್ಲು ಇಟ್ಟಿಗೆಯದ್ದು ಆಗುವುದೇ ಇಲ್ಲ ಅಂತ ನಕ್ಕರು. ಆದರೆ ಅಲ್ಲಿ 3000 ಟನ್ ತೂಕದ ಇಟ್ಟಿಗೆಯ ಸೇಂಟ್ ಪ್ಯಾಟ್ರಿಕ್ ಚರ್ಚನ್ನೂ 700 ಜಾಕಿ ಇಟ್ಟು 5 ಅಡಿ ಎತ್ತಿದ್ದಾರೆ. ಅಪ್ಪ ಊಟ ಮುಗಿಯುವ ತನಕ ಮಾತಾಡಲಿಲ್ಲ. ಆಮೇಲೆ ಜಾಕಿಯ ಅಡಿಗೆ ಏನು ಇಟ್ಟಿದ್ದರು ಅಂತ ಕೇಳಿದರು.

ಎಲ್ಲವೂ ಸುಖವಾಗಿ ಆಗಲಿಲ್ಲ. ಮನೆ ಎತ್ತುವ ಖರ್ಚು ಮನೆಯವರದ್ದೇ. ಗಿಡಮರ ಸತ್ತವು. ಜನ ವರ್ಷಗಟ್ಟಲೆ ಕೆಸರಿನ ಮೇಲೆ ಹಲಗೆ ಹಾಕಿಕೊಂಡು ಓಡಾಡಿದರು. ಪರೀಕ್ಷೆ ಬಂದದ್ದು 1915ರ ಆಗಸ್ಟ್‌ನಲ್ಲಿ. ಮತ್ತೆ ದೊಡ್ಡ ಚಂಡಮಾರುತ. ಗೋಡೆ ನಿಂತಿತು. ಗೋಡೆಯ ಹಿಂದಿನ ಪಟ್ಟಣದಲ್ಲಿ ಸತ್ತವರು ಹತ್ತರ ಆಸುಪಾಸು ಮಾತ್ರ. ಆದರೆ ಗೋಡೆಯ ಮುಂದಿದ್ದ ಮರಳಿನ ದಂಡೆ ಕೊಚ್ಚಿ ಹೋಯಿತು. ಗೋಡೆ ತೆರೆಯನ್ನು ವಾಪಸು ಎಸೆಯುವಾಗ ಮರಳೂ ಹೋಗುತ್ತದಂತೆ. ನಮ್ಮ ದೋಣಿ ಎಳೆಯುವ ಜಾಗಕ್ಕೂ ಕಲ್ಲು ಬಿದ್ದ ಮೇಲೆ ಇದೇ ಆಗಿದೆ. ಆದ್ದರಿಂದ ಮನೆ ಉಳಿಯಲಿ ಅನ್ನುವವರಿಗೂ ದಂಡೆ ಉಳಿಯಲಿ ಅನ್ನುವವರಿಗೂ ಊರಲ್ಲಿ ಜಗಳ. ಇಬ್ಬರ ಮಾತೂ ಸರಿ ಅಂತ ನನಗೆ ಅನಿಸುತ್ತದೆ.

ಅದೇ 1915ರಲ್ಲಿ ರಾಬರ್ಟ್ ತಮ್ಮ ಸಭೆಯ ಪುಸ್ತಕವನ್ನು ಪೂರ್ತಿ ತಿದ್ದಿ ಹೊಸದಾಗಿ ಹೊರತಂದರು. 1923ನೇ ಇಸವಿ ಮೇ 11ರಂದು ನ್ಯೂಯಾರ್ಕ್ ರಾಜ್ಯದ ಹಾರ್ನೆಲ್‌ನಲ್ಲಿ ತೀರಿಕೊಂಡರು. ಅವರಿಗೆ 86 ವರ್ಷ. ಗೋಡೆಯನ್ನು ಆಮೇಲೆ ಉದ್ದ ಮಾಡುತ್ತ ಹೋಗಿ ಈಗ ಅದು 10 ಮೈಲಿ ದಾಟಿದೆ. 2008ರಲ್ಲಿ ಐಕ್ ಎಂಬ ಚಂಡಮಾರುತ ಬಂದಾಗಲೂ ಗೋಡೆ ಅಲುಗಾಡಲಿಲ್ಲ. ಆದರೆ ಆ ಸಲ ನೀರು ಕಡಲ ಕಡೆಯಿಂದ ಬರದೆ, ಗೋಡೆ ಇಲ್ಲದ ಹಿಂದಿನ ಕೊಲ್ಲಿಯಿಂದ ಊರೊಳಗೆ ನುಗ್ಗಿತು.