ವಜಾ ಆದೇಶಕ್ಕೂ ಮುನ್ನ ವಿಚಾರಣೆ: ನ್ಯಾಯಮೂರ್ತಿ ಗಜೇಂದ್ರಗಡ್ಕರ್ ಹಾಕಿಕೊಟ್ಟ ದಾರಿ

ಆಳಂದ ತಾಲೂಕಿನ ಭೂಸನೂರ, ಅಫಜಲಪುರ ತಾಲೂಕಿನ ಹವಳಗಾ, ಯಡ್ರಾಮಿ ತಾಲೂಕಿನ ಮಳ್ಳಿ. ಈ ಮೂರೂ ಊರುಗಳು ಸಕ್ಕರೆ ಕಾರ್ಖಾನೆಗಳಿಂದಾಗಿ ಹೆಸರಾದವು. ಇಂತಹ ಕಾರ್ಖಾನೆಯ ಕಾರ್ಮಿಕನ ಮೇಲೆ ಕಳವಿನ ಅಥವಾ ಅಶಿಸ್ತಿನ ಆರೋಪ ಬಂದರೆ, ಗೇಟಿನಲ್ಲಿಯೇ ತಡೆದು ನಾಳೆಯಿಂದ ಬರಬೇಡವೆಂದು ಹೇಳಿ ಕಳುಹಿಸುವ ಅಧಿಕಾರ ಆಡಳಿತ ಮಂಡಳಿಗೆ ಇಲ್ಲ. ಲಿಖಿತ ಆರೋಪಪಟ್ಟಿ ಕೊಡಬೇಕು, ಉತ್ತರಿಸಲು ಕಾಲಾವಕಾಶ ಕೊಡಬೇಕು, ಸಾಕ್ಷಿಗಳನ್ನು ಆತನ ಎದುರಿಗೇ ವಿಚಾರಿಸಬೇಕು. ಈ ಕ್ರಮಕ್ಕೆ ಸ್ಪಷ್ಟ ರೂಪ ಕೊಟ್ಟ ನ್ಯಾಯಾಧೀಶರಲ್ಲಿ ಪ್ರಮುಖರು, ಕನ್ನಡ ನಾಡಿನ ಕೋಟೆಯ ಊರೊಂದರ ಹೆಸರನ್ನು ಮನೆತನದ ಹೆಸರಾಗಿ ಹೊತ್ತಿದ್ದ ಪ್ರಹ್ಲಾದ ಬಾಲಾಚಾರ್ಯ ಗಜೇಂದ್ರಗಡ್ಕರ್.

ಅವರು ಜನಿಸಿದ್ದು 1901ರ ಮಾರ್ಚ್ 16ರಂದು, ಸಾತಾರಾದ ಸಂಸ್ಕೃತ ವಿದ್ವಾಂಸರ ಮನೆತನದಲ್ಲಿ. 1918ರಲ್ಲಿ ಧಾರವಾಡದ ಕರ್ನಾಟಕ ಕಾಲೇಜಿಗೆ ಸೇರಿದರು; ಆಗ ಆ ಕಾಲೇಜು ಆರಂಭಗೊಂಡು ಒಂದೇ ವರ್ಷವಾಗಿತ್ತು. ಎರಡು ವರ್ಷಗಳ ನಂತರ ಪುಣೆಗೆ ತೆರಳಿ ಡೆಕ್ಕನ್ ಕಾಲೇಜಿನಲ್ಲಿ ಎಂ.ಎ., ಬಳಿಕ ಕಾನೂನು ಪದವಿ ಪಡೆದು 1926ರಲ್ಲಿ ಮುಂಬಯಿಯಲ್ಲಿ ವಕೀಲಿಕೆ ಆರಂಭಿಸಿದರು. ದತ್ತಕ ಮೀಮಾಂಸೆಯ ಸಂಪಾದನೆಯಿಂದ ಹಿಂದೂ ಧರ್ಮಶಾಸ್ತ್ರದ ಪಂಡಿತರೆಂದು ಹೆಸರಾದ ಅವರು ಮುಂದೆ ಕಾರ್ಮಿಕ ಕಾನೂನಿನ ಅಧಿಕಾರವಾಣಿಯಾದದ್ದು ಸ್ವಾರಸ್ಯದ ಸಂಗತಿ.

1945ರಲ್ಲಿ ಮುಂಬಯಿ ಹೈಕೋರ್ಟಿನ ನ್ಯಾಯಾಧೀಶರಾದರು. ಬ್ಯಾಂಕ್ ನೌಕರರ ವೇತನ ತೀರ್ಪನ್ನು ಕೇಂದ್ರ ಸರ್ಕಾರ ತಿದ್ದಿದ್ದನ್ನು ವಿರೋಧಿಸಿ 1954ರಲ್ಲಿ ಕಾರ್ಮಿಕ ಸಚಿವ ವಿ.ವಿ. ಗಿರಿ ರಾಜೀನಾಮೆ ಕೊಟ್ಟಾಗ ಆಯೋಗವೊಂದು ರಚನೆಯಾಯಿತು. ಅದನ್ನು ವಹಿಸಿಕೊಂಡಿದ್ದ ನ್ಯಾಯಮೂರ್ತಿ ರಾಜಾಧ್ಯಕ್ಷ ನಿಧನರಾದ ಮೇಲೆ ಹೊಣೆ ಗಜೇಂದ್ರಗಡ್ಕರ್ ಅವರ ಹೆಗಲೇರಿತು. 1956ರ ಜನವರಿಯಲ್ಲಿ ಅವರು ಸುಪ್ರೀಂ ಕೋರ್ಟಿಗೆ ಬಂದರು. ಹೈದರಾಬಾದ್ ರಾಜ್ಯದಲ್ಲಿದ್ದ ಆಳಂದ, ಅಫಜಲಪುರ, ಜೇವರ್ಗಿ ಮೈಸೂರು ರಾಜ್ಯಕ್ಕೆ ಸೇರಿದ್ದೂ ಅದೇ ವರ್ಷದ ನವೆಂಬರಿನಲ್ಲಿ.

1951ರಲ್ಲಿ ಪಂಜಾಬ್ ನ್ಯಾಷನಲ್ ಬ್ಯಾಂಕಿನ ನೌಕರರು ಕುರ್ಚಿಯಲ್ಲಿ ಕುಳಿತೇ ಲೇಖನಿ ಕೆಳಗಿಟ್ಟು ಮುಷ್ಕರ ಹೂಡಿದ್ದರು. ಬ್ಯಾಂಕು ನೂರಕ್ಕೂ ಹೆಚ್ಚು ಮಂದಿಯನ್ನು ವಿಚಾರಣೆಯಿಲ್ಲದೆ ವಜಾ ಮಾಡಿತು. 1959ರ ತೀರ್ಪಿನಲ್ಲಿ ಗಜೇಂದ್ರಗಡ್ಕರ್ ಅವರು, ಮುಷ್ಕರ ಕಾನೂನುಬಾಹಿರವಾದರೂ ಭಾಗವಹಿಸಿದ ಮಾತ್ರಕ್ಕೆ ಎಲ್ಲರ ಕೆಲಸ ಕಸಿಯಲಾಗದು ಎಂದು ನಿರ್ಣಯಿಸಿದರು. ಶಾಂತವಾಗಿದ್ದವರು ಯಾರು, ಹಿಂಸೆಗಿಳಿದವರು ಯಾರು ಎಂಬುದನ್ನು ವಿಚಾರಣೆಯಿಂದ ಬೇರ್ಪಡಿಸಬೇಕಿತ್ತು.

ಆದರೆ ವಿಚಾರಣೆ ಹೇಗಿರಬೇಕು? ಕಾರ್ಮಿಕನನ್ನು ಕೂರಿಸಿಕೊಂಡು ಮೊದಲು ಅವನಿಗೇ ಪ್ರಶ್ನೆಗಳ ಮಳೆಗರೆದು, ಅವನ ಬಾಯಿಂದಲೇ ತಪ್ಪು ಹೊರಡಿಸುವುದು ಮಾಲೀಕರ ರೂಢಿಯಾಗಿತ್ತು. ಜೇವರ್ಗಿಯ ನೆರೆಯ ಶಹಾಬಾದಿನಲ್ಲಿಯೂ ಕಾರ್ಖಾನೆ ಹೊಂದಿದ್ದ ಎ.ಸಿ.ಸಿ. ಸಿಮೆಂಟ್ ಕಂಪನಿಯ, ಬೇರೊಂದು ರಾಜ್ಯದ ಘಟಕದಿಂದ ಬಂದ ಪ್ರಕರಣದಲ್ಲಿ ಅವರು 1963ರಲ್ಲಿ ಈ ರೂಢಿಯನ್ನು ತಳ್ಳಿಹಾಕಿದರು. ಮೊದಲು ಮಾಲೀಕನ ಸಾಕ್ಷ್ಯ, ಆಮೇಲೆ ಕಾರ್ಮಿಕನಿಂದ ಪಾಟಿಸವಾಲು, ಅದಾದ ಮೇಲಷ್ಟೇ ಅವನ ವಿವರಣೆ. ವಿಚಾರಣೆಯ ದಿನಾಂಕವನ್ನು ಮುಂಚಿತವಾಗಿ ತಿಳಿಸಬೇಕು. ಘಟನೆಯನ್ನು ಕಣ್ಣಾರೆ ಕಂಡ ಅಧಿಕಾರಿಯೇ ವಿಚಾರಣಾಧಿಕಾರಿಯಾಗಿ ಕೂರಬಾರದು. ಬಂಗಾಳದ ಖರ್ದಾ ಸೆಣಬು ಕಂಪನಿಯ ಮೊಕದ್ದಮೆಯಲ್ಲಿ, ವಿಚಾರಣಾ ವರದಿ ಚಿಕ್ಕದಿದ್ದರೂ ನಿರ್ಣಯಕ್ಕೆ ಕಾರಣಗಳನ್ನು ಹೇಳಲೇಬೇಕೆಂದರು. ಕಡತಗಳಲ್ಲಿ ಆರೋಪ ಸಾಬೀತಾಗಿದೆ ಎಂಬ ಒಂದೇ ಸಾಲು ಬರೆದು ಮುಗಿಸುವವರು ಇದನ್ನು ಗಮನಿಸಬೇಕು.

ಹಾಗೆಂದು ಅವರು ಮಾಲೀಕರ ವಿರೋಧಿಯಾಗಿರಲಿಲ್ಲ. ಟಾಟಾ ಆಯಿಲ್ ಮಿಲ್ಸ್ ಪ್ರಕರಣದಲ್ಲಿ ಮೇಲ್ವಿಚಾರಕನ ಮೇಲೆ ಕಾರ್ಖಾನೆಯ ಹೊರಗೆ ಹಲ್ಲೆ ನಡೆಸಿದ ಆರೋಪ ಹೊತ್ತ ನೌಕರನ ಬಿಡುಗಡೆಯನ್ನು 1964ರಲ್ಲಿ ಎತ್ತಿಹಿಡಿದರು. ವಿಚಾರಣೆ ಕ್ರಮಬದ್ಧವಾಗಿತ್ತು. ಕ್ರಿಮಿನಲ್ ಮೊಕದ್ದಮೆ ನಡೆಯುತ್ತಿದೆ ಎಂಬ ಕಾರಣಕ್ಕೆ ಮಾಲೀಕ ಕೈಕಟ್ಟಿ ಕೂರಬೇಕಾಗಿಲ್ಲವೆಂಬುದು ಅವರ ನಿಲುವು. ಅಸ್ಸಾಂ ಆಯಿಲ್ ಕಂಪನಿಯ 1960ರ ತೀರ್ಪು ಇನ್ನೂ ಸೂಕ್ಷ್ಮ. ಕರಾರಿನಂತೆ ನೋಟಿಸ್ ಸಂಬಳ ಕೊಟ್ಟು ಕೈತೊಳೆದುಕೊಂಡರೂ, ಅದು ಮರೆಮಾಚಿದ ಶಿಕ್ಷೆಯೇ ಎಂದು ನ್ಯಾಯಮಂಡಳಿ ಪರಿಶೀಲಿಸಬಹುದು. ಆದರೆ ಪರಸ್ಪರ ನಂಬಿಕೆ ಮುರಿದುಬಿದ್ದ ಆ ಪ್ರಕರಣದಲ್ಲಿ ಮರುನೇಮಕದ ಬದಲು ಪರಿಹಾರಧನ ಕೊಡಿಸಿದರು.

1964ರ ಫೆಬ್ರವರಿಯಲ್ಲಿ ಮುಖ್ಯ ನ್ಯಾಯಮೂರ್ತಿಯಾದ ಅವರು 1966ರ ಮಾರ್ಚಿನಲ್ಲಿ ನಿವೃತ್ತರಾದರು. ಮುಂಬಯಿ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗಲೇ ಮೊದಲ ರಾಷ್ಟ್ರೀಯ ಕಾರ್ಮಿಕ ಆಯೋಗದ ಅಧ್ಯಕ್ಷತೆ ವಹಿಸಿ 1969ರಲ್ಲಿ ವರದಿ ಒಪ್ಪಿಸಿದರು. ಸರ್ಕಾರದ ಹಿಡಿತದಿಂದ ಹೊರಗಿರುವ ಕೈಗಾರಿಕಾ ಸಂಬಂಧಗಳ ಆಯೋಗ ಬೇಕೆಂಬ ಅದರ ಶಿಫಾರಸು ಕಾಗದದಲ್ಲೇ ಉಳಿಯಿತು. 1972ರಲ್ಲಿ ಪದ್ಮವಿಭೂಷಣ ಸಂದಿತು. 1981ರ ಜೂನ್ 12ರಂದು ನಿಧನರಾದರು.

ಮರುವರ್ಷವೇ, ಅಮಾನತಿನಲ್ಲಿರುವ ಕಾರ್ಮಿಕನಿಗೆ ಮೊದಲ 90 ದಿನ ಅರ್ಧ ಸಂಬಳ, ವಿಳಂಬ ಆತನಿಂದಾಗದಿದ್ದರೆ ಬಳಿಕ ಮುಕ್ಕಾಲು ಸಂಬಳ ಕೊಡಬೇಕೆಂಬ ತಿದ್ದುಪಡಿ ಸಂಸತ್ತಿನಲ್ಲಿ ಆಯಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಸಂಹಿತೆಯಂತೆ ಸ್ಥಾಯಿ ಆದೇಶಗಳು ಕಡ್ಡಾಯವಾಗುವುದು 300 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಮಾತ್ರ. ಈ ಭಾಗದ ಸಣ್ಣ ದಾಲ್‌ಮಿಲ್‌ಗಳು ಅದರ ಹೊರಗೆ ಉಳಿಯುತ್ತವೆ. ಆದರೆ ಅಲ್ಲಿ ವಜಾಗೊಂಡ ಕಾರ್ಮಿಕನೂ ಎರಡು ವರ್ಷಗಳೊಳಗೆ ಸಂಧಾನಾಧಿಕಾರಿಯ ಮುಂದೆ ವಿವಾದ ಎತ್ತಬಹುದು.