ಎದುರಿನವನ ಎಲೆ ಅಳೆದ ದಂಡನಾಯಕ

ಈ ಸಲದ ಟ್ರಿಪ್‌ನಲ್ಲಿ ಅರಸೀಕೆರೆವರೆಗೂ ಟ್ರೈನಲ್ಲಿ ಪೋಕರ್ ಆಡಿದ್ವಿ. ಪಣಕ್ಕೆ ದುಡ್ಡಲ್ಲ, ಕಡಲೆಕಾಯಿ. ಎದುರಿನವನ ಹತ್ರ ಒಳ್ಳೇ ಎಲೆ ಇಲ್ಲ ಅಂತ ಎರಡು ಸಲ ಸರಿಯಾಗೇ ಅಂದಾಜು ಮಾಡಿದ್ವಿ. ಆದ್ರೆ ಅವನು ಪಣ ಏರಿಸಿದ ಕೂಡ್ಲೇ ಹೆದರಿ ಎಲೆ ಕೆಳಗಿಟ್ವಿ. ನಮ್ಮ ಲೆಕ್ಕ ಸರಿ ಇತ್ತು, ಅದನ್ನ ನಂಬೋ ಧೈರ್ಯ ಇರಲಿಲ್ಲ. ಅಲ್ಲಿಂದ ಬಸ್ಸಲ್ಲಿ ಬೇಲೂರು, ಹಳೇಬೀಡು ಸುತ್ತುವಾಗ ನಮಗೆ ನೆನಪಾದವನು ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ.

ಗಂಗರಾಜ ಜೈನ. ತಂದೆ ಏಚ, ತಾಯಿ ಪೋಚಿಕಬ್ಬೆ, ಹೆಂಡತಿ ಲಕ್ಷ್ಮಿ. ಆಗ ತಲಕಾಡು ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಚೋಳರ ವಶದಲ್ಲಿತ್ತು. ಅಲ್ಲಿದ್ದ ಚೋಳರ ಸಾಮಂತ ಅದಿಯಮ, ನಾಡನ್ನು ಬಿಟ್ಟುಕೊಡಲ್ಲ, ಬೇಕಾದ್ರೆ ಯುದ್ಧ ಮಾಡಿ ತಗೋ ಅಂತ ಸವಾಲು ಹಾಕಿದ. ನಾವಾಗಿದ್ರೆ ಆ ಸವಾಲಿಗೇ ಎಲೆ ಕೆಳಗಿಡ್ತಿದ್ವೇನೋ! ಆದ್ರೆ ಅದರ ಹಿಂದಿನ ಬಲ ಎಷ್ಟು ನೋಡಿ: ಚೋಳ ದೊರೆ ಕುಲೋತ್ತುಂಗ ಪಟ್ಟಕ್ಕೆ ಬಂದು 46 ವರ್ಷವಾಗಿತ್ತು, ರಾಜಧಾನಿ ದೂರದ ಗಂಗೈಕೊಂಡಚೋಳಪುರ. ಗಂಗರಾಜ ಹಿಂದೆ ಸರಿಯಲಿಲ್ಲ. 1116ರ ಹೊತ್ತಿಗೆ ತಲಕಾಡು ಹೊಯ್ಸಳರದ್ದಾಯಿತು, ದೊರೆಗೆ ತಲಕಾಡುಗೊಂಡ ಅನ್ನೋ ಬಿರುದು ಬಂತು. 1117ರಲ್ಲಿ ಬೇಲೂರಿನಲ್ಲಿ ವಿಜಯನಾರಾಯಣನ ಪ್ರತಿಷ್ಠೆಯಾಯಿತು. ನಾವು ಇವತ್ತು ಚೆನ್ನಕೇಶವ ಅಂತ ಕರೆಯೋದು ಅವನನ್ನೇ.

ಈ ಬೆಳವಣಿಗೆ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೇ ವಿಕ್ರಮಾದಿತ್ಯನಿಗೆ ಹಿಡಿಸಲಿಲ್ಲ. ಹೊಯ್ಸಳರು ಲೆಕ್ಕಕ್ಕೆ ಅವನ ಸಾಮಂತರೇ ತಾನೆ! ಸುಮಾರು 1118ರಲ್ಲಿ ಹನ್ನೆರಡು ಸಾಮಂತರ ಸಮೇತ ಅವನ ಸೈನ್ಯ ಬಂದು ಕಣ್ಣೇಗಾಲದಲ್ಲಿ ಬೀಡುಬಿಟ್ಟಿತು. ಹಗಲಲ್ಲಿ, ವ್ಯೂಹ ಕಟ್ಟಿ ನಿಂತಾಗ ಅದು ಸೋಲಿಸಲಾಗದ ದಂಡು. ಅದೇ ದಂಡು ರಾತ್ರಿ ಮಲಗಿದಾಗ? ಹನ್ನೆರಡು ಜನರ ಪಡೆ ಕತ್ತಲಲ್ಲಿ ಒಂದೇ ಆಜ್ಞೆಗೆ ಏಳೋದು ಸುಲಭವಲ್ಲ. ಗಂಗರಾಜ ಕುದುರೆ ಏರಿ ರಾತ್ರಿಯೇ ಬೀಡಿನ ಮೇಲೆ ಬಿದ್ದ. ಸೈನ್ಯ ಚದುರಿತು. ಅವರ ಸಾಮಗ್ರಿ, ವಾಹನ ಎಲ್ಲವನ್ನೂ ತಂದು ದೊರೆಗೆ ಒಪ್ಪಿಸಿದ.

ಧೈರ್ಯ ಅಂದ್ರೆ ಕಣ್ಣುಮುಚ್ಚಿ ಇದ್ದಬದ್ದದ್ದನ್ನೆಲ್ಲ ಪಣಕ್ಕಿಡೋದಲ್ಲ. ಎದುರಿನವನ ಬಲ ಎಲ್ಲಿದೆ, ಯಾವಾಗ ಇರಲ್ಲ ಅಂತ ಅಳೆದು, ಅಳೆದ ಮೇಲೆ ತಡಮಾಡದೆ ಇರೋದು. ಹಾಗಂತ ಒಂದು ಸಲ ಗೆದ್ರೆ ಆಟವೇ ಮುಗೀತು ಅಂತಲ್ಲ. ಮುಂದೆ ಚಾಲುಕ್ಯರ ಪರವಾಗಿ ಬಂದ ಸಿಂದರ ಆಚುಗಿ ಹೊಯ್ಸಳರನ್ನ ಹಿಮ್ಮೆಟ್ಟಿಸಿದ. ಸರಿಯಾದ ಅಂದಾಜು ಆ ಒಂದು ಆಟವನ್ನಷ್ಟೇ ಗೆಲ್ಲಿಸುತ್ತೆ.

ಕಣ್ಣೇಗಾಲದ ಗೆಲುವಿಗೆ ಮೆಚ್ಚಿ ದೊರೆ ಏನು ಬೇಕೋ ಕೇಳು ಅಂದಾಗ ಗಂಗರಾಜ ಕೇಳಿದ್ದು ಪರಮ ಅನ್ನೋ ಒಂದು ಊರು. ಅದನ್ನೂ ತನಗಿಟ್ಟುಕೊಳ್ಳದೆ ತಾಯಿ ಮತ್ತು ಹೆಂಡತಿ ಕಟ್ಟಿಸಿದ ಬಸದಿಗಳಿಗೆ ಬಿಟ್ಟುಕೊಟ್ಟ. ಗೆದ್ದ ಮೇಲೂ ಎದ್ದೇಳದೆ ಬೆಳಗಿನವರೆಗೆ ಆಡೋ ಹಾಸ್ಟೆಲ್ ಗೆಳೆಯರಿಗೆ ಇದು ಗೊತ್ತಿರಲಿ!

ಗಂಗರಾಜ ತೀರಿಕೊಂಡ ಮೇಲೆ ಮಗ ಬೊಪ್ಪ 1133ರಲ್ಲಿ ಹಳೇಬೀಡಿನಲ್ಲಿ ಅವನ ನೆನಪಿಗೆ ಬಸದಿ ಕಟ್ಟಿಸಿದ. ಅದೇ ಬಸ್ತಿಹಳ್ಳಿಯ ಪಾರ್ಶ್ವನಾಥ ಬಸದಿ. ಹೊಯ್ಸಳೇಶ್ವರ ನೋಡಿ ಬಸ್ ಹತ್ತೋ ಮುಂಚೆ ಸ್ವಲ್ಪ ದೂರ ನಡೆದು ಅಲ್ಲಿಗೂ ಹೋಗಿ. ಒಳಗಿನ ಕರಿಕಲ್ಲಿನ ಕಂಬಗಳು ಎಷ್ಟು ನುಣುಪು ಅಂದ್ರೆ ನಮ್ಮ ಮುಖ ನಮಗೇ ಕಾಣುತ್ತೆ. ಬೇರೆಯವರ ಮುಖ ಓದೋಕೆ ಮುಂಚೆ ಅದನ್ನೊಮ್ಮೆ ನೋಡಿಕೊಳ್ಳೋದು ಒಳ್ಳೇದು ಅನ್ನಿಸ್ತು.